ಮೋರಿ ಮುಗಿಯುವವರೆಗೆ

ಒಪ್ಪಿಕೊಂಡುಬಿಡುತ್ತೇನೆ. ರಸ್ತೆ ಕೆಲಸ ಬೇಗ ಮುಗಿಯದಿರಲಿ ಎಂದು ದೇವರಿಗೆ ಕೈಮುಗಿದವನು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಜಾಲಾಡಿದರೆ ನಾನೊಬ್ಬನೇ ಸಿಗಬಹುದು. ಉಳಿದವರೆಲ್ಲ ಅದೇ ದೇವರ ಮುಂದೆ, ನನ್ನ ಪಕ್ಕದಲ್ಲೇ ನಿಂತು, ಬೇಗ ಮುಗಿಸಪ್ಪಾ ಎಂದು ಬೇಡಿಕೊಳ್ಳುತ್ತಿದ್ದರು. ಯಾರ ಮಾತು ಕೇಳಬೇಕೆಂದು ತೋಚದೆ ಪಾಪ ದೇವರೂ ಒಂದಷ್ಟು ತಿಂಗಳು ಸುಮ್ಮನಿದ್ದ ಎಂದು ಕಾಣುತ್ತದೆ. ಹಾಗೆಂದು ನಾನೇನು ಊರಿಗೆ ಕೇಡು ಬಯಸುವವನಲ್ಲ. ಸಂಸಾರಸ್ಥ. ಸಂಸಾರಸ್ಥನಾದದ್ದರಿಂದಲೇ ಇಷ್ಟೆಲ್ಲ ಆಯಿತು.

ನಮ್ಮ ಮನೆ ಇರುವುದು ತಾಳಗುಂದದಲ್ಲಿ. ನನ್ನ ನೌಕರಿ ಶಿಕಾರಿಪುರದ ಒಂದು ಕಚೇರಿಯಲ್ಲಿ. ಪಹಣಿ, ಖಾತೆ, ನಕಾಶೆ ಎಂದು ಬಂದವರಿಗೆ ಅವರವರ ಜಮೀನಿನ ಕಾಗದ ಹುಡುಕಿಕೊಡುವುದು. ಇಪ್ಪತ್ತು ವರ್ಷ ಒಂದೇ ರಸ್ತೆಯಲ್ಲಿ ಸ್ಕೂಟರ್ ಓಡಿಸಿದವನು ನಾನು. ಆ ರಸ್ತೆಯ ಗುಂಡಿಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಯಾವ ಗುಂಡಿ ಎಲ್ಲಿದೆ, ಯಾವುದನ್ನು ಎಡಕ್ಕೆ ಬಿಟ್ಟುಕೊಂಡು ದಾಟಬೇಕು, ಮಳೆನೀರು ತುಂಬಿದಾಗ ಯಾವುದು ಎಷ್ಟು ಆಳ, ಎಲ್ಲ ನಕಾಶೆ ಬರೆದಿಟ್ಟಂತೆ ತಲೆಯಲ್ಲಿತ್ತು. ಕತ್ತಲಲ್ಲಿ ದೀಪ ಕೆಟ್ಟರೂ ಒಂದು ಗುಂಡಿಗೂ ಚಕ್ರ ತಾಗಿಸದೆ ಮನೆ ಸೇರಬಲ್ಲೆ ಎಂದು ಕಚೇರಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ನಮ್ಮೂರಿನಲ್ಲಿ ಹಳೆಯ ಕಾಲದವರು ಕಲ್ಲಿನ ಮೇಲೆ ಕೊರೆದಿಟ್ಟ ಅಕ್ಷರಗಳು ಇವತ್ತಿಗೂ ಓದುವಂತಿವೆ. ಅದೇ ಊರಿನ ಪಕ್ಕದ ರಸ್ತೆಗೆ ಹಾಕಿದ ಡಾಂಬರು ಒಂದು ಮಳೆಗಾಲ ದಾಟುತ್ತಿರಲಿಲ್ಲ. ಹೊರಗಿನಿಂದ ಬಂದ ನೆಂಟರಿಗೆ ಎರಡನ್ನೂ ತೋರಿಸುವುದು ನಮ್ಮ ಮನೆಯ ವಾಡಿಕೆಯಾಗಿತ್ತು.

ಹೀಗಿರುವಾಗ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ ಜೆಸಿಬಿ ಬಂದು ಅರ್ಧ ರಸ್ತೆಯನ್ನು ಅಗೆದು ಇನ್ನರ್ಧದ ಮೇಲೆ ಸುರಿಯಿತು. ಆಮೇಲಿನ ಕಥೆ ನಿಮಗೆ ಗೊತ್ತೇ ಇದೆ, ನಿಮ್ಮೂರಲ್ಲೂ ಆಗಿರುತ್ತದೆ. ಜಲ್ಲಿ ರಾಶಿ, ಮಣ್ಣಿನ ದಿಬ್ಬ, ಹೊಲದ ಅಂಚಿನಲ್ಲಿ ಮಾಡಿದ ಬದಲಿ ದಾರಿ, ಅದರ ಮಧ್ಯೆ ಎದುರುಬದುರು ನಿಂತು ನೀನು ಹಿಂದೆ ತಗೋ, ನೀನು ಹಿಂದೆ ತಗೋ ಎನ್ನುವ ಎರಡು ಲಾರಿ, ಅವುಗಳ ಹಿಂದೆ ಊಟದ ಹೊತ್ತಿನವರೆಗೂ ನಿಂತ ಬಸ್ಸು. ಗಿರಿಜಾ ಬೇರೆ ಬೇರೆ ಡಬ್ಬಿಯಲ್ಲಿ ಕಟ್ಟಿಕೊಟ್ಟ ಅನ್ನ, ಸಾರು, ಪಲ್ಯ ಕಚೇರಿ ತಲುಪುವಷ್ಟರಲ್ಲಿ ಕಲಸಿ ಒಂದೇ ಆಗಿರುತ್ತಿದ್ದವು. ನನ್ನ ಬಿಳಿ ಅಂಗಿಗಳೆಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದವು. ಆಗ ನಾನೂ ಎಲ್ಲರಂತೆಯೇ ಬೈದೆ, ಸ್ವಲ್ಪ ಹೆಚ್ಚಾಗಿಯೇ ಬೈದೆ.

ಮಳೆಗಾಲಕ್ಕೆ ಮುಂಚೆ ನಮ್ಮೂರ ಹತ್ತಿರ ಎರಡು ಕಿಲೋಮೀಟರಿನಷ್ಟು ಹೊಸ ಡಾಂಬರು ಬಿತ್ತು. ಕನ್ನಡಿಯಂಥ ರಸ್ತೆ. ಆದರೆ ಅದರ ತುದಿಯಲ್ಲಿ ಹಳ್ಳದ ನೀರು ದಾಟಿಸಲು ಒಂದು ಮೋರಿ ಕಟ್ಟಬೇಕಿತ್ತು, ಅಷ್ಟರಲ್ಲಿ ಮಳೆ ಹಿಡಿಯಿತು. ಮೋರಿಯಿಲ್ಲದೆ ರಸ್ತೆ ಎಲ್ಲಿಗೂ ಹೋಗುವಂತಿರಲಿಲ್ಲ. ಎರಡು ಕಡೆಯೂ ಡ್ರಮ್ಮು ಅಡ್ಡ ಇಟ್ಟು ಮುಚ್ಚಿದರು. ಲಾರಿ, ಬಸ್ಸುಗಳು ಪಕ್ಕದ ಕೆಸರಿನಲ್ಲೇ ತೆವಳುತ್ತಿದ್ದರೆ ಆ ನುಣುಪು ರಸ್ತೆ ಖಾಲಿ ಬಿದ್ದಿರುತ್ತಿತ್ತು. ನಮ್ಮ ಜನ ಖಾಲಿ ಜಾಗ ಕಂಡರೆ ಬಿಡುವವರೇ? ಮಳೆ ಕಡಿಮೆಯಾಗುತ್ತಲೇ ಮೆಕ್ಕೆಜೋಳ ಅಲ್ಲಿ ಒಣಗಲು ಬಂತು. ಸಕ್ಕರೆ ಕಾಯಿಲೆಯವರು ವಾಕಿಂಗ್ ಬಂದರು. ಒಂದು ತುದಿಯಲ್ಲಿ ವಾಲಿಬಾಲ್ ನೆಟ್ಟೂ ಎದ್ದಿತು.

ಆ ಹೊತ್ತಿಗೇ ನಮ್ಮ ಮನೆಯಲ್ಲಿ ಒಂದು ಸುದ್ದಿ. ಗಿರಿಜಾ ಮದುವೆಗೆ ಮುಂಚೆ ಟೀಚರ್ ಟ್ರೈನಿಂಗ್ ಮುಗಿಸಿದ್ದವಳು. ಮಕ್ಕಳು, ಅತ್ತೆ, ಮಾವ, ಹಸು ಎಂದು ವರ್ಷಗಳು ಉರುಳಿ, ಸರ್ಟಿಫಿಕೇಟು ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಮಲಗಿತ್ತು. ಈಗ ಸೊರಬದ ಕಡೆ ಹೊಸಬಾಳೆಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಬೇಕಾಗಿದ್ದಾರೆಂದು ತಿಳಿದು ನನಗೂ ಹೇಳದೆ ಅರ್ಜಿ ಹಾಕಿದ್ದಳು. ಆಯ್ಕೆಯೂ ಆಯಿತು. ದೀಪಾವಳಿ ಕಳೆದ ಸೋಮವಾರ ಬಂದು ಸೇರಿಕೊಳ್ಳಿ ಎಂದ ಮುಖ್ಯೋಪಾಧ್ಯಾಯಿನಿ, “ಬಸ್ಸು ನಂಬ್ಕೊಂಡ್ರೆ ಆಗೂದಿಲ್ಲ ಕಣ್ರೀ. ಗಾಡಿ ಇದೆಯಲ್ಲ?” ಎಂದು ಕೇಳಿದರಂತೆ. ಇವಳು ಇದೆ ಎಂದುಬಿಟ್ಟಳು. ಗಾಡಿ ಇತ್ತು, ನಿಜ, ನನ್ನ ಸ್ಕೂಟರ್. ಓಡಿಸಲು ಬರುತ್ತಿರಲಿಲ್ಲ, ಅಷ್ಟೆ. ಊರಿನಿಂದ ಹೊರಟ ರಸ್ತೆ ಮೋರಿ ದಾಟಿ ಕವಲೊಡೆದ ಮೇಲೆ ನನ್ನ ಕಚೇರಿ ಒಂದು ದಿಕ್ಕಿಗೆ, ಅವಳ ಶಾಲೆ ಇನ್ನೊಂದು ದಿಕ್ಕಿಗೆ. ಅವಳು ಕಲಿಯದಿದ್ದರೆ ಕೆಲಸ ಇನ್ನೊಬ್ಬರ ಪಾಲು.

“ರೀ, ನಂಗೆ ಕಲಿಸ್ಕೊಡ್ರಿ. ಆ ಮುಚ್ಚಿದ ರಸ್ತೆ ಇದೆಯಲ್ಲ, ಅಲ್ಲಿ ಯಾವ ಲಾರಿನೂ ಬರಲ್ಲ,” ಎಂದಳು. ಆ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ತನಗೆಂದು ನನ್ನನ್ನು ಏನನ್ನೂ ಕೇಳಿದ್ದು ನೆನಪಿಲ್ಲ. ಲಾರಿಗಳು ಓಡಾಡುವ ರಸ್ತೆಗೆ ಅವಳನ್ನು ಇಳಿಸುವ ಧೈರ್ಯ ನನಗಂತೂ ಇರಲಿಲ್ಲ. ಕಲಿಯುವುದಿದ್ದರೆ ರಸ್ತೆ ಮುಚ್ಚಿರುವಾಗಲೇ ಕಲಿಯಬೇಕು. ಅಂದಿನಿಂದ ನಾನು ಮೋರಿ ನಿಧಾನವಾಗಲಿ ಎಂದು ಹರಕೆ ಹೊತ್ತೆ.

ಕಲಿಯುವವರಿಗೆ ಕೊಡುವ ಎಲ್‌ಎಲ್ ಮಾಡಿಸಿ, ಹೆಲ್ಮೆಟ್ ತೊಡಿಸಿ, ನಾನು ಕಚೇರಿಯಿಂದ ಬೇಗ ತಪ್ಪಿಸಿಕೊಂಡು ಬಂದು, ದಿನಾ ಸಂಜೆ ಐದೂವರೆಗೆ ಪಾಠ ಶುರು. ನಾನು ಗಾಡಿಯ ಹಿಂದಿನ ಕಂಬಿ ಹಿಡಿದು ಓಡುತ್ತಿದ್ದೆ. ಓಡುತ್ತ ಕಲಿಸುತ್ತಿದ್ದೆ. ನನ್ನ ಪಾಠದ ಸಾರ ಇಷ್ಟೇ: “ನೆಲ ನೋಡು! ಚಕ್ರದ ಮುಂದೆ ನೆಲ ನೋಡು!” ಗುಂಡಿಗಳ ನಡುವೆ ಇಪ್ಪತ್ತು ವರ್ಷ ಬದುಕಿದವನು ಇನ್ನೇನು ಕಲಿಸಿಯಾನು? ಅವಳು ನೆಲ ನೋಡುತ್ತ ನೋಡುತ್ತ ನೇರ ಹೋಗಿ ಹಾಲಮ್ಮಜ್ಜಿಯ ಮೆಕ್ಕೆಜೋಳದ ರಾಶಿಗೆ ನುಗ್ಗಿ, ಗಾಡಿ ಒಂದು ಕಡೆ, ತಾನೊಂದು ಕಡೆ ಕುಳಿತಳು. ಹಾಲಮ್ಮಜ್ಜಿ ನಮ್ಮ ಹಿಂದಿನ ಬೀದಿಯವಳು. ಕೋಲು ಹಿಡಿದು ಇಡೀ ದಿನ ಜೋಳ ಕಾಯುತ್ತ ಅಲ್ಲೇ ಕೂತಿರುತ್ತಿದ್ದಳು. ಬೈಯುತ್ತಾಳೆಂದು ನಾನು ಮರದ ಮರೆಗೆ ಸರಿದೆ.

“ಕಾಳು ಹೋದ್ರ ಹೋತು, ಕೈಕಾಲು ನೋಡ್ಕ ಗಿರಿಜವ್ವ,” ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ಕೋಲು ತೋರಿಸಿ, “ಆ ಯಪ್ಪನ ಮಾತು ಕೇಳಬ್ಯಾಡ. ನೆಲ ನೋಡಿದ್ರ ನೆಲಕ್ಕ ಬೀಳ್ತಿ. ದೂರಕ್ಕ ನೋಡ್ಕೊಂತ ಹೋಗು. ನಾವು ಎತ್ತಿನ ಗಾಡಿ ಹೊಡಿಲಿಲ್ಲೇನು?” ಎಂದಳು.

ಮರುದಿನದಿಂದ ಗಿರಿಜಾ ದೂರಕ್ಕೆ ನೋಡಿದಳು. ಗಾಡಿ ನೆಟ್ಟಗೆ ಹೋಯಿತು. ಹೋಯಿತು ಎಂದರೆ, ಕಂಬಿ ನನ್ನ ಕೈ ತಪ್ಪಿಸಿಕೊಂಡು ಹೋಯಿತು. ನಾನು ರಸ್ತೆ ನಡುವೆ ಏದುಸಿರು ಬಿಡುತ್ತ ನಿಂತಿದ್ದಾಗ ವಾಕಿಂಗ್ ಬಂದವರೊಬ್ಬರು, “ನಿಮ್ಮ ಶುಗರ್ ಎಷ್ಟಿದೆ ಸಾರ್?” ಎಂದು ಕೇಳಿ ಹೋದರು. ಲೈಸೆನ್ಸ್ ಪರೀಕ್ಷೆಗೆ ಎಂಟರ ಆಕಾರದಲ್ಲಿ ಕಾಲು ಊರದೆ ಓಡಿಸಬೇಕು ಎಂದು ತಿಳಿದ ಮೇಲೆ ಅಜ್ಜಿ ತನ್ನ ಜೋಳವನ್ನು ಎರಡು ರಾಶಿ ಮಾಡಿ, ನಡುವೆ ಜಾಗ ಬಿಟ್ಟು ಕೊಟ್ಟಳು. ಗಿರಿಜಾ ಒಂದು ರಾಶಿಯನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಸುತ್ತುತ್ತ ಕತ್ತಲಾಗುವವರೆಗೆ ಎಂಟು ಬರೆಯುತ್ತಿದ್ದಳು. ಅಜ್ಜಿ ಪ್ರತಿ ಎಂಟಿಗೂ ಒಂದು ಕಾಳು ಪಕ್ಕಕ್ಕೆ ಎತ್ತಿಡುತ್ತಿದ್ದಳು.

ನಾನು ಮಾಡಿದ ತಪ್ಪು ಬೇರೆಯೇ. ಎಷ್ಟು ದಿನ ಉಳಿದಿದೆ ಎಂದು ತಿಳಿಯುವ ಆತಂಕಕ್ಕೆ ದಿನಾ ಕಚೇರಿಯಿಂದ ಬರುವಾಗ ಮೋರಿಯ ಹತ್ತಿರ ಸ್ಕೂಟರ್ ನಿಲ್ಲಿಸುತ್ತಿದ್ದೆ. ಹೆಗಲಿಗೆ ಫೈಲಿನ ಚೀಲ, ಕಿವಿಗೆ ಸಿಕ್ಕಿಸಿದ ಪೆನ್ನು. ಕೆಳಗಿಳಿದು ಕಂಬಿ ಕಟ್ಟಿದ್ದನ್ನು ನೋಡುವುದು, ಸಿಮೆಂಟು ಮುಟ್ಟುವುದು, ಮೇಸ್ತ್ರಿಯನ್ನು ಕರೆದು “ಎಷ್ಟು ದಿನ ಆಗುತ್ತೆ?” ಎನ್ನುವುದು. ಒಂದು ತಿಂಗಳು ಎಂದರೆ ನನಗೆ ಸಂತೋಷವಾಗುತ್ತಿತ್ತು. ಆದರೆ ಮುಖದಲ್ಲಿ ತೋರಿಸಿಕೊಳ್ಳುವಂತಿಲ್ಲವಲ್ಲ, ಅದಕ್ಕೆ “ಹೂಂ” ಎಂದು ಗಂಭೀರವಾಗಿ ಹೊರಡುತ್ತಿದ್ದೆ. ಮೇಸ್ತ್ರಿ ನನ್ನನ್ನು ಯಾವುದೋ ಮೇಲಿನ ಕಚೇರಿಯಿಂದ ತನಿಖೆಗೆ ಬರುವವನೆಂದು ತಿಳಿದುಕೊಂಡ. ಒಂದು ತಿಂಗಳು ಎಂದವನು ಮರುದಿನ ಇಪ್ಪತ್ತು ದಿನ ಎಂದ. ಅದರ ಮರುದಿನ ಹದಿನೈದು. ನಾನು ಗಾಬರಿಯಾಗಿ ಹೆಚ್ಚು ಹೆಚ್ಚು ಹೋಗತೊಡಗಿದೆ. ನಾನು ಹೋದಷ್ಟೂ ಅವರ ಕೆಲಸ ಚುರುಕಾಯಿತು. ಕೊನೆಗೊಂದು ಸಂಜೆ ಅವನೇ ಓಡಿ ಬಂದು, “ಸಾಹೇಬ್ರ, ಭಾನುವಾರನೂ ಮಂದಿ ಹಚ್ಚೀನ್ರಿ. ಹಬ್ಬ ಮುಗಿಯೂದ್ರಾಗ ರಸ್ತಾ ಬಿಟ್ಟು ಕೊಡ್ತೀವ್ರಿ. ಮ್ಯಾಲಿನವ್ರಿಗೆ ಏನೂ ಬರೀಬ್ಯಾಡ್ರಿ,” ಎಂದು ಎಳನೀರು ಕೊಟ್ಟ. ಕುಡಿದೆ. ಉಳಿದ ದಿನ ಎಣಿಸುತ್ತ ಮನೆಗೆ ಬಂದೆ.

ಆದರೆ ಗಿರಿಜಾ ಮೇಸ್ತ್ರಿಗಿಂತ ಚುರುಕು. ಹಬ್ಬಕ್ಕೆ ವಾರವಿರುವಾಗಲೇ ಪರೀಕ್ಷೆ ಪಾಸಾಗಿ ಬಂದಳು. ಅವತ್ತು ಮೊದಲು ಹೋಗಿ ಹೇಳಿದ್ದು ಹಾಲಮ್ಮಜ್ಜಿಗೆ, ಆಮೇಲೆ ನನಗೆ.

ದೀಪಾವಳಿ ಮುಗಿದು ರಸ್ತೆ ಬಿಟ್ಟರು. ಸೋಮವಾರ ಬಂತು. ಮೊದಲ ದಿನ, ಹೊಸ ರಸ್ತೆ, ಎಲ್ಲ ಗಾಡಿಗಳೂ ಹಾರಾಡುತ್ತಿವೆ, ಇವತ್ತೊಂದು ದಿನ ನಾನೇ ಬಿಟ್ಟು ಬರುತ್ತೇನೆ ಎಂದು ರಜೆ ಹಾಕಿ ಹಟ ಹಿಡಿದೆ. ಅವಳು ಗಡಿಯಾರ ನೋಡಿ, ಊಟದ ಚೀಲ ಮಡಿಲಿಗಿಟ್ಟುಕೊಂಡು ಹಿಂದೆ ಕುಳಿತಳು. ಹೊರಟೆವು. ರಸ್ತೆ ಅಂದರೆ ರಸ್ತೆ! ಗಾಡಿ ಶಬ್ದವೇ ಮಾಡದೆ ಸಾಗುತ್ತಿತ್ತು. ಆದರೆ ನನ್ನ ಕೈಗೆ ರಸ್ತೆ ಹೊಸದಾದ ಸುದ್ದಿ ಮುಟ್ಟಿರಲಿಲ್ಲ. ಆಲದ ಮರ ಕಂಡ ಕೂಡಲೇ ಎಡಕ್ಕೆ ಎಳೆಯಿತು, ಅಲ್ಲಿ ಮೊದಲು ಮಾರುದ್ದದ ಗುಂಡಿಯಿತ್ತು. ಮೈಲಿಗಲ್ಲಿನ ಹತ್ತಿರ ಬಲಕ್ಕೆ. ಮುಂದೆ ಎಡಕ್ಕೆ, ಬಲಕ್ಕೆ, ಪುನಃ ಎಡಕ್ಕೆ. ಅದು ಮೂರು ಗುಂಡಿಗಳು ಒಟ್ಟಿಗಿದ್ದ ಜಾಗ. ಹಿಂದಿನಿಂದ ಬಂದ ಕಾರಿನವನು ಹಾರನ್ ಹೊಡೆದು ಏನೋ ಅಂದು ಹೋದ. ಇನ್ನೂ ಸ್ವಲ್ಪ ಮುಂದೆ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

“ಏನ್ರೀ, ಬೆಳಗ್ಗೆ ಬೆಳಗ್ಗೇನೇ ಏರಿಸಿದೀರಾ? ಹಿಂದೆ ಹೆಂಗಸರನ್ನ ಬೇರೆ ಕೂರಿಸ್ಕೊಂಡು?”

“ಅಯ್ಯೋ ಇಲ್ಲ ಸಾರ್. ಗುಂಡಿ ತಪ್ಪಿಸ್ತಾ ಇದ್ದೆ.”

ಅವರು ನನ್ನನ್ನು ನೋಡಿದರು. ರಸ್ತೆಯನ್ನು ನೋಡಿದರು. “ಎಲ್ಲಿದೆ ಗುಂಡಿ?”

“ಈಗಿಲ್ಲ ಸಾರ್. ಮುಂಚೆ ಇತ್ತು.”

ಊದಿಸಿದರು. ಏನೂ ಸಿಗಲಿಲ್ಲ. ಅವರಿಗೇ ನಗು ತಡೆಯಲಾಗಲಿಲ್ಲ. “ನಾನೂ ಇದೇ ರಸ್ತೇಲಿ ಓಡಾಡ್ದೋನೇ ಬಿಡಿ, ಅರ್ಥ ಆಗುತ್ತೆ. ಎಲ್ಲಿ, ಲೈಸೆನ್ಸ್ ತೋರಿಸಿ ಹೋಗಿ,” ಎಂದರು. ಪರ್ಸಿನಿಂದ ತೆಗೆದು ಜಂಬದಿಂದ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದವರ ಮುಖದಿಂದ ನಗು ಹೋಯಿತು. “ಇದು ಮುಗಿದು ಎರಡು ವರ್ಷ ಆಯ್ತಲ್ರೀ!” ಊರವರ ಜಮೀನಿನ ಕಾಗದಗಳ ತಾರೀಖು ನೋಡಿ ಇದು ಹಳೆಯದು, ಹೊಸದು ತನ್ನಿ ಎಂದು ವಾಪಸು ಕಳಿಸುವ ನಾನು ನನ್ನದನ್ನು ಒಮ್ಮೆಯೂ ನೋಡಿರಲಿಲ್ಲ. “ನೀವಿನ್ನು ಈ ಗಾಡಿ ಮುಟ್ಟೋ ಹಾಗಿಲ್ಲ,” ಎಂದರು. ಶಾಲೆಗೆ ಅರ್ಧ ಗಂಟೆ ಮಾತ್ರ ಉಳಿದಿತ್ತು. ಅವಳ ಮೊದಲ ದಿನವನ್ನು ನನ್ನ ಕೈಯಾರೆ ಹಾಳುಮಾಡಿದೆನಲ್ಲ ಎಂದುಕೊಂಡು ಗಾಡಿಯಿಂದ ಇಳಿದೆ.

“ಸಾರ್, ನನ್ನ ಹತ್ರ ಲೈಸೆನ್ಸ್ ಇದೆ,” ಎಂದಳು ಗಿರಿಜಾ. ಫೋನು ತೆಗೆದು ತೋರಿಸಿದಳು. ಸೀರೆಯ ಸೆರಗು ಸಿಕ್ಕಿಸಿ, ಊಟದ ಚೀಲವನ್ನು ನನ್ನ ಕೈಗೆ ಕೊಟ್ಟು, ಹ್ಯಾಂಡಲ್ ಹಿಡಿದಳು. “ಕೂತ್ಕೊಳ್ರಿ. ಅಲ್ಲಾಡಬೇಡ್ರಿ.”

ನಾನು ಅಲ್ಲಾಡಲಿಲ್ಲ. ಮೆಕ್ಕೆಜೋಳ ತುಂಬಿದ ಲಾರಿಯೊಂದು ಎದುರಿಗೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಲಾರಿ ಹಿಂದೆ ಹೋಗಿತ್ತು, ಗಾಡಿ ನೇರ ಸಾಗುತ್ತಿತ್ತು. ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆಯೇ ಅವಳು ಶಾಲೆಯ ಗೇಟು ದಾಟಿದಳು. ಅಂಗಳದಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ‘ನಮಸ್ತೇ ಮಿಸ್’ ಎಂದಾಗ ಅವಳು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಕೈಮುಗಿದಳು. ನನ್ನ ಕಣ್ಣು ತುಂಬಿ ಬಂತು. ಧೂಳು ಎನ್ನೋಣವೆಂದರೆ ಈಗ ರಸ್ತೆಯಲ್ಲಿ ಧೂಳೂ ಇಲ್ಲ.

ಈಗ ಗಾಡಿ ಅವಳದು. ನಾನು ಬಸ್ಸಿನವನು. ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ, ಡಬ್ಬಿಯ ಅನ್ನ ಅನ್ನವಾಗಿಯೇ, ಸಾರು ಸಾರಾಗಿಯೇ ಕಚೇರಿ ಮುಟ್ಟುತ್ತವೆ, ದೂರುವುದಕ್ಕೆ ಏನೂ ಉಳಿದಿಲ್ಲ. ಕಷ್ಟ ಇರುವುದು ನನ್ನ ಲೈಸೆನ್ಸಿನದು. ಅವಧಿ ಮುಗಿದು ಬಹಳ ದಿನವಾದ್ದರಿಂದ ನಾನು ಮತ್ತೆ ಪರೀಕ್ಷೆ ಕೊಡಬೇಕಂತೆ, ಎಂಟು ಬರೆಯಬೇಕಂತೆ. ಗುಂಡಿಗಳ ನಡುವೆ ಎಂಥೆಂಥ ಅಕ್ಷರ ಬರೆದವನಿಗೆ ಎಂಟೊಂದು ಬರುತ್ತಿಲ್ಲ. ಗಿರಿಜಾ ಭಾನುವಾರ ಕಲಿಸುತ್ತೇನೆ ಎನ್ನುತ್ತಾಳೆ. ಕಲಿಯಲು ಖಾಲಿ ರಸ್ತೆಯಾದರೂ ಎಲ್ಲಿದೆ? ಎಲ್ಲ ಕಡೆಯೂ ಗಾಡಿಗಳು ಸರಾಗವಾಗಿ ಓಡುತ್ತಿವೆ. ಬಳ್ಳಿಗಾವಿ ಕಡೆಯ ರಸ್ತೆಯನ್ನೂ ಅಗಲ ಮಾಡುತ್ತಾರೆಂದು ಮೊನ್ನೆ ಬಸ್ಸಿನಲ್ಲಿ ಯಾರೋ ಮಾತಾಡಿಕೊಂಡರು. ಕೇಳಿದ ದಿನವೇ ಕೂತು ಸಂಬಂಧಪಟ್ಟವರಿಗೆ ಒಂದು ಅರ್ಜಿ ಬರೆದು ಹಾಕಿದ್ದೇನೆ. ಸಾರ್ವಜನಿಕರ ಹಿತದೃಷ್ಟಿಯಿಂದ ಸದರಿ ಕಾಮಗಾರಿಯನ್ನು ಕೂಡಲೇ ಪ್ರಾರಂಭಿಸಬೇಕಾಗಿ ವಿನಂತಿ. ಯಾವಾಗ ಮುಗಿಸಬೇಕು ಎಂಬುದನ್ನು ಮಾತ್ರ ಬರೆಯಲಿಲ್ಲ.