ಸಪ್ಪಳವಿಲ್ಲದ ವಾರ್ಡು

ಆಸ್ಪತ್ರೆಯಲ್ಲಿ ನಗುವುದು ಶಿಸ್ತಲ್ಲ ಎಂಬುದು ನನ್ನ ನಂಬಿಕೆ. ಆದರೆ ನಗಿಸುವ ಸಂಗತಿಗಳು ಭೇಟಿಯ ವೇಳೆ ನೋಡಿಕೊಂಡು ಬರುವುದಿಲ್ಲ. ಮೇಟ್ರನ್ನಿನ ಅನುಮತಿಯನ್ನೂ ಕೇಳುವುದಿಲ್ಲ.

ನಾನು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಮಲಗುವ ಕೋಣೆಗೂ ಕರೆಂಟಿನ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ಓದಿದ್ದು ಮಾತ್ರ ಕಾನ್ವೆಂಟಿನಲ್ಲಿ. ಬಾಗಿಲನ್ನು ಸಪ್ಪಳವಾಗದಂತೆ ಮುಚ್ಚುವುದನ್ನೂ ‘ಹೋತು’ ಎನ್ನದೆ ‘ಹೋಯಿತು’ ಎನ್ನುವುದನ್ನೂ ಅಲ್ಲಿಯ ಸಿಸ್ಟರುಗಳು ಕಲಿಸಿದರು. ಈಗ ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದೇನೆ. ಸಂತೆಯ ಪಕ್ಕದ ಹಳೆಯ ಕಟ್ಟಡ ಬಿಟ್ಟು ಊರ ಹೊರಗಿನ ಹೊಸ ಕಟ್ಟಡಕ್ಕೆ ಬಂದಾಗ ಉಳಿದವರು ಲಿಫ್ಟ್ ನೋಡಿ ಹಿಗ್ಗಿದರು. ನನಗೆ ಹೆಮ್ಮೆಯೆನಿಸಿದ್ದು ಅಲ್ಲಿಯ ನಿಶ್ಶಬ್ದ. ಸೂಜಿ ಬಿದ್ದರೂ ಕೇಳಬೇಕು ಎನ್ನುತ್ತಾರಲ್ಲ, ನನ್ನ ವಾರ್ಡಿನಲ್ಲಿ ಸೂಜಿ ಬೀಳುವುದೇ ಇಲ್ಲ.

ಶಾಂತಿಗೆ ಏನಾಗಿದೆ?

ಹೊಸ ಗೋಡೆಯ ಮೇಲೆ ನಾನೇ ಮುಂದೆ ನಿಂತು ದೊಡ್ಡ ಅಕ್ಷರಗಳಲ್ಲಿ ‘ಶಾಂತಿ ಕಾಪಾಡಿ’ ಎಂದು ಬರೆಸಿದೆ. ಮೊದಲ ವಾರವೇ ಬೀಳಗಿ ಕಡೆಯ ಒಬ್ಬ ಮುದುಕಿ ಮೊಮ್ಮಗಳನ್ನು ನೋಡಲು ಬಂದಳು. ಅದೇನು ಬರೆದಿದ್ದಾರೆಂದು ಪಕ್ಕದವರನ್ನು ಕೇಳಿದಳು. ಅವರು ಓದಿ ಹೇಳಿದರು. ಮುದುಕಿಯ ಮುಖ ಸಪ್ಪಗಾಯಿತು. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟಳು.

“ಇವನ್ನ ಶಾಂತಿಗೆ ಕೊಡ್ರಿ, ಅಕ್ಕಾರ. ಯಾರ ಮಗಳೋ ಏನೋ ಪಾಪ, ಕಾಪಾಡ್ರಿ ಅಂತ ಗ್ವಾಡಿ ಮ್ಯಾಲ ಬರಿಯೂ ಹಂಗ ಆಗೇತಂದ್ರ ಭಾಳ ಸೀರಿಯಸ್ ಇರಬೇಕು.”

ಮರುದಿನವೇ ಆ ಬರಹ ಅಳಿಸಿ ‘ಮಾತನಾಡಬಾರದು’ ಎಂದು ಬರೆಸಿದೆ. ಬಾಳೆಹಣ್ಣನ್ನು ಮಕ್ಕಳ ವಾರ್ಡಿಗೆ ಕಳಿಸಿದೆ. ಅಲ್ಲಿ ಶಾಂತಿ ಎಂಬವಳು ಖರೆಯೇ ಇದ್ದಳು. ಹಣ್ಣು ತಿಂದು, ಇನ್ನೂ ಇವೆಯೇ ಎಂದು ಕೇಳಿದಳಂತೆ.

ಕಣ್ಣು ಮುಚ್ಚಿದಾಗ ಕಂಡದ್ದು

ಹೊಸ ಕಟ್ಟಡ, ಹೊಸ ಯಂತ್ರ, ಎಲ್ಲವೂ ಕಂಪ್ಯೂಟರಿನಲ್ಲಿ. ನನ್ನ ನರ್ಸುಗಳಿಗೆ ಒತ್ತಡ ಹೆಚ್ಚಾಗಿದೆ ಎಂದು ಯಾರೋ ವರದಿ ಕೊಟ್ಟರು. ಒತ್ತಡ ಇಳಿಸುವುದನ್ನು ಕಲಿಸಲು ಹೊರಗಿನಿಂದ ಒಬ್ಬ ತರಬೇತುದಾರರು ಬಂದರು. ಎಲ್ಲರೂ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಮನಸ್ಸಿಗೆ ಅತ್ಯಂತ ನೆಮ್ಮದಿ ಕೊಡುವ ದೃಶ್ಯವನ್ನು ನೋಡಬೇಕೆಂದರು. ನಾನು ಹಿಂದಿನ ಸಾಲಿನಲ್ಲಿ ಕಣ್ಣು ತೆರೆದೇ ಕುಳಿತಿದ್ದೆ. ಯಾರಾದರೂ ಒಬ್ಬರು ಕಣ್ಣು ತೆರೆದಿರಬೇಕಲ್ಲ.

ನರ್ಸುಗಳಲ್ಲಿ ಹುನ್ನೂರಿನವಳೊಬ್ಬಳ ಮುಖದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆ ಬಂದಿತ್ತು. ಏನು ಕಾಣುತ್ತಿದೆ ಎಂದು ತರಬೇತುದಾರರು ಮೆಲ್ಲಗೆ ಕೇಳಿದರು.

“ಮೇಟ್ರನ್ ಮೇಡಂ ರಜಾದಾಗ ಅದಾರ್ರಿ” ಎಂದಳು, ಕಣ್ಣು ಮುಚ್ಚಿಕೊಂಡೇ.

ಯಾರೂ ಉಸಿರು ಬಿಡಲಿಲ್ಲ. ನಾನು ಅವಳನ್ನು ಬೈಯಲಿಲ್ಲ. ಹೇಳಿದ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದು ಅವಳೊಬ್ಬಳೇ. ಹಾಗೆ ತಯಾರು ಮಾಡಿದ್ದು ನಾನೇ. ‘ಅದಾರ್ರಿ’ ಅಲ್ಲ, ‘ಇದ್ದಾರೆ’ ಎಂದಷ್ಟೇ ತಿದ್ದಿದೆ.

ಮಗ್ಗ ನಿಂತರೆ

ಬನಹಟ್ಟಿಯಿಂದ ಒಬ್ಬ ನೇಕಾರ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದು ಸೇರಿದ. ಮನೆಯಲ್ಲಿ ಸರಿಯಾಗಿಯೇ ಇದ್ದ ಬಿ.ಪಿ. ನನ್ನ ವಾರ್ಡಿಗೆ ಬಂದ ಮೇಲೆ ಏರಿತು. ಮಾತ್ರೆಗೂ ಇಳಿಯಲಿಲ್ಲ, ರಾತ್ರಿಯಿಡೀ ಅವನಿಗೆ ನಿದ್ದೆಯೂ ಬರಲಿಲ್ಲ. ಸಂಜೆಯೊಳಗೆ ಇಳಿಯದಿದ್ದರೆ ದೊಡ್ಡ ಊರಿಗೆ ಕಳಿಸುವುದಾಗಿ ಡಾಕ್ಟರು ಹೇಳಿಬಿಟ್ಟರು. ಅದನ್ನು ಕೇಳಿ ಅವನ ಹೆಂಡತಿಯ ಬಿ.ಪಿ.ಯೂ ಏರಿತು. ನನ್ನ ವಾರ್ಡಿನಿಂದ ರೋಗಿ ಇನ್ನೊಂದು ಊರಿಗೆ ಹೋಗುವುದೆಂದರೆ ನನಗೂ ಅವಮಾನವೇ. ಇಷ್ಟು ನೆಮ್ಮದಿಯ ಜಾಗದಲ್ಲಿ ಅವನಿಗೇಕೆ ನಿದ್ದೆ ಬರುತ್ತಿಲ್ಲವೆಂದು ಕೇಳಿದೆ.

“ಇಲ್ಲಿ ಒಂದೀಟೂ ಸಪ್ಪಳ ಇಲ್ರಿ, ಮೇಡಂ. ಕಣ್ಣ ಮುಚ್ಚಿದ್ರ ಮಗ್ಗ ಎಲ್ಲಾ ನಿಂತಾವು ಅಂತ ಎದಿ ಧಸಕ್ ಅಂತೈತಿ.”

ಅಕ್ಕಪಕ್ಕದ ಹಾಸಿಗೆಯ ನೇಕಾರರೂ ಎದ್ದು ಕುಳಿತು ಹೌದೆಂದು ತಲೆಯಾಡಿಸಿದರು. ಅವರೂ ಮಲಗಿರಲಿಲ್ಲ.

ಅದನ್ನು ಕೇಳಿದ ಅವನ ಹೆಂಡತಿ ಬನಹಟ್ಟಿಗೆ ಬಸ್ಸಿನಲ್ಲಿ ಹೋಗಿ, ಮನೆಯ ಮಗ್ಗದ ಸಪ್ಪಳವನ್ನು ಫೋನಿಗೆ ತುಂಬಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಮರಳಿದಳು. ನಾನು ಸಾಧ್ಯವೇ ಇಲ್ಲವೆಂದೆ. ಡಾಕ್ಟರು ಒಮ್ಮೆ ನೋಡೋಣವೆಂದರು. ಹಾಗಾದರೆ ನನ್ನ ಕಣ್ಣೆದುರೇ ಆಗಲಿ ಎಂದು ಕುರ್ಚಿ ಹಾಕಿಸಿಕೊಂಡು ಕಾವಲು ಕುಳಿತೆ. ಫೋನು ದಿಂಬಿನ ಪಕ್ಕದಲ್ಲಿ ಖಟ್ ಖಟ್ ಖಟ್ ಎನ್ನತೊಡಗಿತು. ನೇಕಾರ ಗೊರಕೆ ಹೊಡೆದ. ನಂತರ ಪಕ್ಕದವನು. ನಂತರ ಅವನ ಪಕ್ಕದವನು. ಹುನ್ನೂರಿನ ನರ್ಸು ಬಿ.ಪಿ. ನೋಡಿ, ಇಳಿದಿದೆ ಎಂದು ಸನ್ನೆ ಮಾಡಿದಳು. ಬೆಳಿಗ್ಗೆ ಶಸ್ತ್ರಚಿಕಿತ್ಸೆ ಇಲ್ಲೇ ಮಾಡುವುದೆಂದು ಡಾಕ್ಟರು ಹೇಳಿಹೋದರು. ಎಲ್ಲಿಗೂ ಕಳಿಸದೆ ನಮ್ಮ ವಾರ್ಡೇ ಗೆದ್ದಿತೆಂಬ ಹೆಮ್ಮೆಯಲ್ಲಿ ನಾನು ಮೊದಲ ಬಾರಿಗೆ ಕುರ್ಚಿಗೆ ಬೆನ್ನು ಆನಿಸಿದೆ.

ಫೋನಿನ ಬ್ಯಾಟರಿ ಮುಗಿದು ಸಪ್ಪಳ ಒಮ್ಮೆಲೇ ನಿಂತಿತು. ನೇಕಾರರೆಲ್ಲ ಧಡಕ್ಕನೆ ಎದ್ದು ಕುಳಿತರು.

“ಯವ್ವಾ, ಕರೆಂಟ್ ಹೋತೇನ?” ಎಂದು ಯಾರೋ ಗಟ್ಟಿಯಾಗಿ ಕೂಗಿದರು.

ನಾನು ತಟ್ಟನೆ ಎದ್ದು ನಿಂತೆ. ಸೆರಗು ಸರಿಪಡಿಸಿಕೊಂಡು ಗೋಡೆಯ ಬರಹದತ್ತ ಬೆರಳು ತೋರಿಸಿದೆ. ವಾರ್ಡಿನಲ್ಲಿ ಹೀಗೆ ಕೂಗಿದವರು ಯಾರೆಂದು ಕೇಳಿದೆ. ರೋಗಿಗಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಹುನ್ನೂರಿನ ನರ್ಸು ಹತ್ತಿರ ಬಂದು, ನಾನೇ ಕಲಿಸಿದ ತಗ್ಗಿದ ದನಿಯಲ್ಲಿ ಹೇಳಿದಳು:

“ನೀವೇ, ಮೇಡಂ. ಆದರೆ ‘ಹೋತು’ ಅಲ್ಲ, ‘ಹೋಯಿತು’.”