ಜೀಪಿನ ಕೆಳಗಿನ ಮಿಸ್ತ್ರಿ

ನನ್ನ ಲಟ್ಟಣಿಗಿಯನ್ನು ನಾನು ಯಾರ ಕೈಗೂ ಕೊಡುವವಳಲ್ಲ. ಅಂದೂ ಕೊಡಲಿಲ್ಲ, ಇಂದೂ ಕೊಡುವುದಿಲ್ಲ. ಅದರಿಂದ ನನಗಾದ ಫಜೀತಿಯನ್ನು ಹಿರೇಬೆಂಡಿಗೇರಿಯ ಓಣಿಓಣಿಯಲ್ಲಿ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಹೇಳಲಿ. ಉಪ್ಪು ಖಾರ ಇಲ್ಲದ್ದನ್ನು ನಾನೇ ಹೇಳಿಬಿಡುತ್ತೇನೆ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡಾದ ಜೀಪುಗಳನ್ನು ಲಿಲಾವು ಹಾಕಿದರು. ಲೋಕವೆಲ್ಲ ಬೇಡವೆಂದದ್ದನ್ನು ಬೇಕೆನ್ನುವುದು ನಮ್ಮ ಯಜಮಾನರ ಹುಟ್ಟುಗುಣ. (ನನ್ನನ್ನು ನೋಡಲು ಬಂದಾಗಲೂ ಅದೇ ಗುಣ ಕೆಲಸ ಮಾಡಿತೆಂದು ನನ್ನ ನಾದಿನಿ ಹೇಳುತ್ತಾಳೆ.) ನಾಲ್ಕೂ ಗಾಲಿ ಜಗ್ಗುವ ಗಾಡಿ, ಎರೆ ಹೊಲದ ಕೆಸರಿನಲ್ಲಿ ಆನೆ ಇದ್ದಂತೆ ಎಂದು ಹೇಳಿ ಒಂದನ್ನು ತಂದು ಅಂಗಳದಲ್ಲಿ ಕಟ್ಟಿಹಾಕಿದರು. (ನಿಲ್ಲಿಸಿದರು ಎನ್ನಬೇಕಂತೆ.) ಎರಡು ಮಳೆಗಾಲ ಅದು ಆನೆಯೇ ಆಗಿತ್ತು. ಆಮೇಲೆ ಘೀಳಿಡುವುದಷ್ಟೇ ಉಳಿಯಿತು, ನಡಿಗೆ ನಿಂತಿತು. ಇಂಜಿನ್ನು ಎಷ್ಟು ಒದರಿದರೂ ಗಾಲಿಗಳು ಹೊಸ ಅಳಿಯನ ಹಾಗೆ ಕುಳಿತಲ್ಲಿಂದ ಏಳಲೊಲ್ಲವು. ಕ್ಲಚ್ಚಿನ ಪ್ಲೇಟು ಸವೆದಿದೆ, ಇಂಜಿನ್ನಿನ ಮಾತು ಗಾಲಿಗೆ ಮುಟ್ಟುತ್ತಿಲ್ಲ ಎಂದು ಯಜಮಾನರು ವಿವರಿಸಿದರು. ನಲವತ್ತು ವರ್ಷದಿಂದ ನನ್ನ ಮಾತು ಅವರಿಗೆ ಮುಟ್ಟಿಲ್ಲ. ನಾನು ಯಾವ ಪ್ಲೇಟು ಬದಲಿಸಲಿ?

ಈ ವಿಘ್ನ ಬಂದದ್ದೂ ಸರಿಯಾದ ಹೊತ್ತಿಗೇ. ಮೊಮ್ಮಗಳು ಸಾವಂತ್ರವ್ವನನ್ನು ನೋಡಲು ಅಬಲೂರಿನವರು ಸೋಮವಾರ ಬರುವವರಿದ್ದರು. ಹಿಂದೆ ಎರಡು ಮನೆಯವರು ಬಂದು ಉಪ್ಪಿಟ್ಟು ತಿಂದು ಹೋದವರು ತಿರುಗಿ ಸುದ್ದಿ ಕಳಿಸಿರಲಿಲ್ಲ. ಆಗ ಹುಡುಗಿ ಅತ್ತಿರಲಿಲ್ಲ. ಈ ಸಲ ಅವಳ ಮನಸ್ಸು ಅಲ್ಲೇ ಕೂತಿತ್ತು. ಬೀಸುವಾಗ ಯಾರಾದರೂ ಅಬಲೂರಿನ ಹೆಸರೆತ್ತಿದರೆ ಅವಳ ಹಾಡು ನಿಂತು ಕಲ್ಲಿನ ಸಪ್ಪಳವಷ್ಟೇ ಉಳಿಯುತ್ತಿತ್ತು. ನಾನು ಶಾಲೆ ಕಲಿತವಳಲ್ಲ, ಆದರೆ ಕಿವಿ ಚೊಕ್ಕ ಇದೆ.

ಬೀಗರನ್ನು ಅವರು ಬಸ್ಸಿಳಿಯುವ ಹಾನಗಲ್ಲಿನಿಂದ ಜೀಪಿನಲ್ಲೇ ಕರೆತರುತ್ತೇನೆಂದು ಯಜಮಾನರ ಹಟ. ಬಸ್ಸು ಹೊಡೆಯುವ ಜಮಾಲಸಾಬ ಹುಬ್ಬಳ್ಳಿಯಿಂದ ಹೊಸ ಪ್ಲೇಟು ತಂದುಕೊಟ್ಟ. ರವಿವಾರ ಮುಂಜಾನೆ ಆಳುಗಳ ಕೈ ಹಚ್ಚಿಸಿ ಗೇರಿನ ಪೆಟ್ಟಿಗೆಯನ್ನು ಇಳಿಸಿದ್ದಾಯಿತು. ಜೀಪಿನ ಕರುಳು ಪಿತ್ತವೆಲ್ಲ ಗೋಣಿತಟ್ಟಿನ ಮೇಲೆ ಹರವಿಕೊಂಡಿತು. ಆಳುಗಳು ಹೊಲಕ್ಕೆ ಹೋದ ಮೇಲೆ ತೊಡಕು ಬಂತು. ಹೊಸ ಪ್ಲೇಟು ಕೂದಲೆಳೆಯಷ್ಟೂ ಸರಿಯದೆ ನಡುಮಧ್ಯ ಕೂಡಬೇಕಂತೆ. ಅದಕ್ಕೆ ತುದಿ ಸಣ್ಣಗೆ, ಹೊಟ್ಟೆ ದಪ್ಪಗೆ ಇರುವ ಒಂದು ಕಟ್ಟಿಗೆಯನ್ನು ಅದರ ತೂತಿನಲ್ಲಿ ಹಾಕಿ ಹಿಡಿದು, ಬೋಲ್ಟು ಬಿಗಿಯಬೇಕಂತೆ. ಒನಕೆ ದಪ್ಪವಾಯಿತು. ಕಡಗೋಲು ತೆಳ್ಳಗಾಯಿತು. ಯಜಮಾನರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡತೊಡಗಿದರು.

"ಅದನ್ನ ಒಂದೀಟು ಕೊಡು."

"ನಾಳೆ ಬೀಗರಿಗೆ ಹೋಳಿಗಿ ಲಟ್ಟಿಸೋದು ಇದರಾಗ. ನಿಮ್ಮ ಜೀಪಿನ ಹೊಟ್ಟ್ಯಾಗ ತುರುಕಾಕ ಕೊಡಂಗಿಲ್ಲ."

"ಗಾಡಿ ಎದ್ರ ಬೀಗರು ಬರ್ತಾರ. ಏಳಲಿಲ್ಲಂದ್ರ ಹೋಳಿಗಿ ಯಾರಿಗೆ ಲಟ್ಟಿಸ್ತಿ?"

ಅಪರೂಪಕ್ಕೆ ಅವರ ಮಾತಿನಲ್ಲೂ ಅರ್ಥವಿತ್ತು. ಆದರೂ ನನ್ನ ಪಟ್ಟು ನಾನು ಬಿಡಲಿಲ್ಲ. "ನಮ್ಮತ್ತಿ ಇನ್ನೊಬ್ರ ಕೈಗೆ ಕೊಡಬ್ಯಾಡ ಅಂತ ಹೇಳಿ ಕೊಟ್ಟಿದ್ದರಿ ಇದು. ಹಿಡಿಯೋದಿದ್ರ ನಾನ ಹಿಡೀತೇನಿ," ಎಂದೆ.

ಹೀಗೆ ಶಿವಬಸವ್ವನೆಂಬ ಈ ಮಹಾಗೃಹಿಣಿಯು ಸೀರೆಯ ಕಚ್ಚೆ ಬಿಗಿದು, ಚಾಪೆ ಹಾಸಿಕೊಂಡು ಜೀಪಿನ ಕೆಳಗೆ ಪ್ರವೇಶ ಮಾಡಿದಳು. ಪಾದಗಳಷ್ಟೇ ಹೊರಗೆ. ಲಟ್ಟಣಿಗಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಯಜಮಾನರು ಮಗ್ಗುಲಲ್ಲಿ ಮಲಗಿ ಎರಡು ಬೋಲ್ಟು ಹತ್ತಿಸಿದ್ದರು, ಅಷ್ಟರಲ್ಲಿ ಎತ್ತಿನ ಕೊರಳಗಂಟೆ ನಮ್ಮ ಬಾಗಿಲಲ್ಲೇ ನಿಂತಿತು.

ವರನ ತಾಯಿ ಮಹಾದೇವಕ್ಕ. ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಹೋಗಿ, ತಲೆ ಬಾಚದ ಮನೆಯನ್ನು ನೋಡಿಬರುವವಳೆಂದು ಹಿರೇಕೆರೂರಿನತ್ತ ಹೆಸರಾದವಳು. ಯಜಮಾನರು, ಲಟ್ಟಣಿಗಿ ಬಿಟ್ಟರೆ ಎಲ್ಲ ಮೊದಲಿನಿಂದ ಆಗಬೇಕು ಎಂದು ಪಿಸುಗುಟ್ಟಿ, ಧೋತರಕ್ಕೆ ಕೈ ಒರೆಸಿಕೊಳ್ಳುತ್ತ ಹೊರಗೆ ತೆವಳಿದರು.

ಆಕೆ ಬಂದು ಜೀಪಿನ ಮಗ್ಗುಲ ಕಟ್ಟೆಯ ಮೇಲೇ ಕೂತರು. ಗಾಡಿಯ ಕೆಳಗೆ ಯಾರೆಂದು ಕೇಳಿದರು. ಯಜಮಾನರು ಒಂದು ಸಲ ಕೆಮ್ಮಿದರು.

"ಅದಾ... ಸವಣೂರಿನ ಮಿಸ್ತ್ರಿ."

ಮನೆಯವಳು ಎಲ್ಲಿ ಎಂದದ್ದಕ್ಕೆ ಹುಲಗೂರಿಗೆ ಹೋಗಿದ್ದಾಳೆಂದರು. ನಲವತ್ತು ವರ್ಷ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಮನುಷ್ಯ, ಒಂದೇ ಉಸಿರಿನಲ್ಲಿ ಎರಡು ಹೇಳಿದರು. ನಾನು ಲಟ್ಟಣಿಗಿ ಹಿಡಿದುಕೊಂಡೇ ಮಿಸ್ತ್ರಿಯಾದೆ.

ಸಾವಂತ್ರವ್ವ ಚಹಾ ತಂದಳು. ಮಹಾದೇವಕ್ಕ ಅವಳನ್ನು ಮಾತಾಡಿಸಿದರು, ಬೀಸುವ ಹಾಡು ಹೇಳಿಸಿದರು. ಆಮೇಲೆ ದನಿ ಏರಿಸಿ ಯಜಮಾನರಿಗೆ ಹೇಳಿದರು:

"ಹುಡುಗಿ ಮನಸಿಗೆ ಬಂದಾಳ್ರಿ. ಆದ್ರ ಒಂದ ಅಂಜಿಕಿ. ಇಕಿ ಅಜ್ಜಿ ಬಾಯಿಗೆ ಹೆದರಿ ಹಿಂದ ಎರಡು ಮನಿಯವರು ಓಡ್ಯಾರಂತ, ಹೌದೇನ್ರಿ?"

ಯಜಮಾನರು ಇಲ್ಲ ಎನ್ನಬೇಕಲ್ಲವೆ? ಮತ್ತೊಮ್ಮೆ ಕೆಮ್ಮಿದರು. ಆ ಕೆಮ್ಮಿಗೆ ಒಂದೇ ಅರ್ಥ.

"ಆಕಿ ಹೋಳಿಗಿ ಚಕ್ಕಡಿಗೆ ಗಾಲಿ ಮಾಡಿ ಹಾಕಿದ್ರ ಶಿಗ್ಗಾಂವಿ ಮಟ ಹೊಕ್ಕಾವಂತ," ಎಂದು ಮಹಾದೇವಕ್ಕ ಮುಂದುವರಿಸಿದರು.

ಸೆರಗನ್ನು ಬಾಯಲ್ಲಿ ತುರುಕಿಕೊಂಡೆ. ಸವಣೂರಿನ ಮಿಸ್ತ್ರಿಯೊಬ್ಬ ಹಿರೇಬೆಂಡಿಗೇರಿಯ ಹೋಳಿಗೆಯ ಪರವಾಗಿ ವಾದಿಸಬಹುದೆ? ಮೂಗಿನ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೇಲೆ ಸಾವಂತ್ರವ್ವನ ಕೈಯಲ್ಲಿ ಕಪ್ಪು ಬಸಿಗಳು ಕಟಕಟ ಎನ್ನುವುದು ಕೇಳಿಸಿತು. ಆ ಸಪ್ಪಳಕ್ಕಾಗಿ ನಾಲಿಗೆಯನ್ನು ಹಲ್ಲಿನಡಿ ಇಟ್ಟುಕೊಂಡೆ. ನನ್ನ ತವರಿನವರನ್ನು ಅಂದರು; ತಾಳಿದೆ. ನನ್ನ ಅಡಿಗೆಮನೆಯನ್ನು ಅಂದರು, ಅದನ್ನೂ ತಾಳಿದೆ.

ಕೊನೆಗೆ, "ಆತು. ಸಕ್ಕರಿ ತರ್ರಿ," ಎಂದರು.

ನಮ್ಮ ಕಡೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಗಟ್ಟಿಯಾಯಿತು, ತಿರುಗಿಸುವಂತಿಲ್ಲ. ಕಂಟ್ರೋಲಿನ ಸಕ್ಕರೆ ಡಬ್ಬಿ ತೆರೆದದ್ದು ಕೇಳಿಸಿತು. ಮಹಾದೇವಕ್ಕ ಅದನ್ನು ಕರಕರ ಅಗಿದದ್ದು ಕೇಳಿಸಿತು. ನನಗೆ ಅಷ್ಟೇ ಬೇಕಾಗಿತ್ತು. ಲಟ್ಟಣಿಗಿ ಕಿತ್ತುಕೊಂಡು ಹೊರಗೆ ತೆವಳಿದೆ. ಹಿಂದೆ ಪ್ಲೇಟು ಜಾರಿದ ಸದ್ದಾಯಿತು. ಜಾರಲಿ. (ಮರುದಿನ ಮತ್ತೆ ನಾನೇ ಹಿಡಿದೆ, ಅವರು ಕೂಡಿಸಿದರು, ಗಾಡಿ ಈಗ ಕೆಸರಿನಲ್ಲಿ ಓಡುತ್ತದೆ.) ಮಸಿಮೋರೆಯಲ್ಲಿ ಎದ್ದು ನಿಂತು, ಲಟ್ಟಣಿಗಿ ಎತ್ತಿ ಹಿಡಿದು, "ಮಹಾದೇವಕ್ಕಾರ, ಈಗ ನನ್ನ ಮಾತು ಕೇಳ್ರಿ," ಎಂದೆ.

ಆಕೆ ಬೆಚ್ಚಲಿಲ್ಲ, ಕಟ್ಟೆಯ ಮೇಲೆ ಸರಿದು ಜಾಗ ಮಾಡಿದರು.

"ಕುಂದರ್ರಿ ಬೀಗತ್ಯಾರ. ಕಾಲುಂಗುರ ಹಾಕ್ಕೊಂಡ ಮಿಸ್ತ್ರೀನ ಎಲ್ಲಿ ನೋಡಿದ್ದಿಲ್ಲ. ಬಾಗಿಲಾಗ ಬಂದಾಗ ಕಂಡಿದ್ದು. ಮೊಮ್ಮಗಳ ಸಲುವಾಗಿ ಎಷ್ಟೊತ್ತು ಬಾಯಿ ಕಟ್ಟತೀರಿ ಅಂತ ನೋಡಾಕತ್ತಿದ್ನಿ. ಕಟ್ಟಿದ್ರಿ."

ಹೋಳಿಗೆಗೊಂದು, ತವರಿಗೊಂದು, ಕೆಮ್ಮಿದ ಯಜಮಾನರಿಗೆ ಹತ್ತು ಉತ್ತರಗಳು ನನ್ನ ಗಂಟಲಲ್ಲಿ ಸಾಲಾಗಿ ನಿಂತಿದ್ದವು. ಬಾಯಿ ತೆರೆದೆ. ಮಹಾದೇವಕ್ಕ ಅದರಲ್ಲಿ ಒಂದು ಮುಷ್ಟಿ ಸಕ್ಕರೆ ತುಂಬಿದರು. ಅದು ಕರಗುವಷ್ಟರಲ್ಲಿ ಅವರೂ ಯಜಮಾನರೂ ಸೇರಿ, ನನ್ನನ್ನು ಒಂದು ಮಾತೂ ಕೇಳದೆ, ಲಗ್ನದ ದಿನವನ್ನೇ ಗೊತ್ತು ಮಾಡಿ ಮುಗಿಸಿದ್ದರು.