ಎರೆಭೂತಕ್ಕೆ ನನ್ನ ಸಾಕ್ಷಿ

ನನಗೆ ಸಿಟ್ಟೇ ಬರುವುದಿಲ್ಲವೆಂದು ನಮ್ಮ ಓಣಿಯಲ್ಲೆಲ್ಲ ಹೆಸರಿದೆ. ಈ ಹೆಸರು ಬಂದದ್ದು ನನ್ನ ಸ್ವಭಾವದಿಂದಲ್ಲ, ಕಾನ್ವೆಂಟಿನಿಂದ. ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡು ಒಂದರಿಂದ ಹತ್ತರವರೆಗೆ ಎಣಿಸಬೇಕೆಂದು ಅಲ್ಲಿನ ಸಿಸ್ಟರೊಬ್ಬರು ಕಲಿಸಿದ್ದರು. ನಾನು ಎಣಿಸುತ್ತ ನಿಂತಿರುತ್ತೇನೆ. ನೋಡಿದವರು "ಎಷ್ಟ ಶಾಂತ ಇದ್ದಾಳ ನೋಡವಾ ಈಕಿ" ಎಂದು ಹೊಗಳಿ ಹೋಗುತ್ತಾರೆ. ಹತ್ತು ಮುಗಿದ ಮೇಲೂ ಸಿಟ್ಟು ಇಳಿಯದಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಆ ಪುಣ್ಯಾತ್ಮಳು ಹೇಳಿಕೊಡಲಿಲ್ಲ. ನಾನು ಹೇಳಹೊರಟಿರುವ ವರ್ಷದಲ್ಲಿ ನಾನು ಹಾಗೆ ಎಣಿಸಿದ್ದನ್ನೆಲ್ಲ ಕೂಡಿಸಿದರೆ, ನಮ್ಮ ಮನೆಯವರು ಎಣಿಸಿದ ಹಕ್ಕಿಗಳಿಗಿಂತ ಎಷ್ಟೋ ಪಾಲು ಹೆಚ್ಚಾದೀತು.

ಹೌದು, ನಮ್ಮ ಮನೆಯವರು ಹಕ್ಕಿ ಎಣಿಸುತ್ತಿದ್ದರು. ಅರವತ್ತನೇ ಇಸವಿಯ ಆಸುಪಾಸಿನ ಮಾತು. ಆಗ ವಿಜಾಪುರದ ಗಂಡಸರಿಗೆ ಇಸ್ಪೀಟು, ನಾಟಕ, ಕಟ್ಟೆಯ ಮೇಲಿನ ರಾಜಕಾರಣ ಎಂದು ಎಷ್ಟೋ ಮರ್ಯಾದಸ್ಥ ಚಟಗಳಿದ್ದವು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಇವರಿಗೆ ಅವು ಯಾವುವೂ ಅಂಟದೆ ಇದೊಂದು ಅಂಟಿತು. ಅಂಟಿಸಿದವರು ಸಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಬಸಲಿಂಗ ಮಾಸ್ತರು. ಮೂರನೆಯವರಾಗಿ ದವಾಖಾನೆಯ ಕಂಪೌಂಡರೊಬ್ಬರಿದ್ದರು. ಯಾರು ಏನೇ ಅಂದರೂ ಹೂಂ ಅನ್ನುವುದಷ್ಟೇ ಅವರ ಕೆಲಸ. ಜನವರಿ ಒಂದರಿಂದ ಡಿಸೆಂಬರ್ ಮುಗಿಯುವವರೆಗೆ ಯಾರು ಎಷ್ಟು ಜಾತಿಯ ಹಕ್ಕಿ ನೋಡಿದರೆಂದು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು, ಹೆಚ್ಚು ನೋಡಿದವರು ಮುಂದಿನ ವರ್ಷವಿಡೀ ದುರ್ಬೀನು ಇಟ್ಟುಕೊಳ್ಳುವುದು. ಮೂವರ ನಡುವೆ ಇದ್ದದ್ದು ಅದೊಂದೇ ದುರ್ಬೀನು, ಅದರಲ್ಲೂ ಎಡಗಣ್ಣು ಮಸುಕು.

ಹಿಂದೊಮ್ಮೆ, ದುರ್ಬೀನು ನಮ್ಮ ಮನೆಯಲ್ಲಿದ್ದ ವರ್ಷ, ಇವರಿಗೆ ಇದ್ದಕ್ಕಿದ್ದಂತೆ ನನ್ನ ತವರಿನ ಮೇಲೆ ಮಮತೆ ಉಕ್ಕಿತ್ತು. ಮದುವೆಯಾದಾಗಿನಿಂದ ತಿಕೋಟಾಕ್ಕೆ ಕರೆದೊಯ್ಯಿರೆಂದರೆ ರಜೆಯಿಲ್ಲ ಎನ್ನುತ್ತಿದ್ದವರು ತಾವಾಗಿ ಬಸ್ಸು ಹತ್ತಿಸಿದರು. ಹೋದವರು ಅತ್ತೆಯನ್ನು ಮಾತಾಡಿಸದೆ ಮಾಳಿಗೆ ಏರಿ ಬಾವಿಯ ಕಡೆಗೆ ದುರ್ಬೀನು ಹಿಡಿದು ಕೂತರು. ಬಾವಿಯ ಪಕ್ಕದ ಮರದಲ್ಲಿ ಏನೋ ಹಕ್ಕಿಯಂತೆ. ನೀರು ಸೇದುವ ಹೆಂಗಸರಿಗೆ ಅದು ಹೇಗೆ ಗೊತ್ತಾಗಬೇಕು? "ಯವ್ವಾ, ನಿಮ್ಮ ಅಳಿಯಾ ಮಾಳಗಿ ಮ್ಯಾಲೆ ಕೂತು ನಮ್ಮನ್ಯಾಕ ನೋಡಾಕತ್ತಾನ?" ಎಂದು ಬಂದೇಬಿಟ್ಟರು. ನಮ್ಮವ್ವ ಅಳಿಯನ ಮಾನ ಕಾಯಲು, "ಅವಗ ಕಣ್ಣಬ್ಯಾನಿ ಐತವಾ, ದೂರ ನೋಡಂತ ಡಾಕ್ಟರು ಹೇಳ್ಯಾರ" ಎಂದಳು. ಅಂದಿನಿಂದ ನನಗೆ ಕುರುಡನ ಹೆಂಡತಿ ಎಂಬ ಕನಿಕರವೂ ತವರಿನಲ್ಲಿ ಸಿಕ್ಕಿತು.

ಈ ಸಂಘದಲ್ಲಿ ನನ್ನ ಕೆಲಸವೇನೆಂದರೆ ಭಜಿ ಕರಿಯುವುದು ಮತ್ತು ಇಂಗ್ಲಿಷ್ ಓದುವುದು. ಇವರ ಹತ್ತಿರ ಹಕ್ಕಿಗಳ ಬಗೆಗಿನ ಒಂದು ಇಂಗ್ಲಿಷ್ ಪುಸ್ತಕವಿತ್ತು. ಕಾನ್ವೆಂಟಿನಲ್ಲಿ ಅಷ್ಟು ವರ್ಷ ಕಲಿತ ಇಂಗ್ಲಿಷು ಕೊನೆಗೆ ಈ ಪುಣ್ಯಕಾರ್ಯಕ್ಕೆ ಒದಗಿತು. ಪ್ರತಿ ರವಿವಾರ ಮಧ್ಯಾಹ್ನ ನಾನು ಓದಿ ಅರ್ಥ ಹೇಳಬೇಕು, ಮೂವರು ಗಂಡಸರು ತಲೆದೂಗಬೇಕು. ಬಣ್ಣಗಳು ಬಂದರಂತೂ ನಾನಿಲ್ಲದೆ ನಡೆಯದು. ಡ್ರಾಯಿಂಗ್ ಮಾಸ್ತರನ್ನೂ ಸೇರಿಸಿ ಈ ಮೂವರಿಗೆ ಗೊತ್ತಿದ್ದದ್ದು ಮೂರೇ ಬಣ್ಣ: ಕಪ್ಪು, ಬಿಳಿ, ಮಿಕ್ಕಿದ್ದು. ಇದು ಕುಸುಬಿ ಬಣ್ಣ, ಇದು ಇಳಕಲ್ ಸೆರಗಿನ ಕೆಂಪು, ಇದು ಹಳೆಯ ತಾಮ್ರದ ಕೊಡದ ಬಣ್ಣ ಎಂದು ನಾನು ಬಿಡಿಸಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ಹೀಗೆ ನನ್ನ ಕಣ್ಣಿನ ಅಳತೆಯಲ್ಲೇ ರಿಜಿಸ್ಟರು ತುಂಬುತ್ತ ಹೋಯಿತು. ನನ್ನ ಹೆಸರು ಮಾತ್ರ ಅದರಲ್ಲೆಲ್ಲೂ ಇರಲಿಲ್ಲ.

ಅದಕ್ಕೂ ನಾನು ಬೇಸರಪಟ್ಟಿರಲಿಲ್ಲ. ಆ ಸಿಟ್ಟಿನ ವರ್ಷದ ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಅರಿವೆ ಒಗೆಯಲು ಕೂತಿದ್ದೆ. ಲಿಂಬಿ ಗಿಡದ ಬುಡದಲ್ಲಿ, ಒದ್ದೆ ಎಲೆಗಳ ಮೇಲೆ, ಮೋಟು ಬಾಲದ ಒಂದು ಹಕ್ಕಿ ಕುಪ್ಪಳಿಸುತ್ತಿತ್ತು. ಬೆನ್ನು ಎಳೆ ಬಾಳೆಲೆಯ ಹಸಿರು. ಎದೆ ಹಾಲು ಹಾಕಿದ ಚಹಾದ ಬಣ್ಣ. ಕಣ್ಣಿಗೆ ಕಾಡಿಗೆ ಹಚ್ಚಲು ಹೋಗಿ ಕಿವಿಯವರೆಗೆ ಬಳಿದುಕೊಂಡಂತೆ ಕಪ್ಪು ಪಟ್ಟೆ, ರೆಕ್ಕೆಯಲ್ಲಿ ಆಕಾಶದ ಒಂದು ತುಣುಕು, ಬಾಲದ ಕೆಳಗೆ ಕುಂಕುಮ. ನವರಂಗ! ಪುಸ್ತಕದ ಆ ಪುಟವನ್ನು ನಾನೇ ಎರಡು ಸಲ ಓದಿ ಹೇಳಿದ್ದೆ. ಒಳಗೆ ಇವರು ದಾಡಿ ಮಾಡಿಕೊಳ್ಳುತ್ತಿದ್ದರು. ಹಕ್ಕಿ ಹೆದರೀತೆಂದು ಮೆಲ್ಲಗೆ ಕರೆದೆ: "ಏನ್ರೀ, ಲಗೂನ ಇಲ್ಲಿ ಬರ್ರಿ."

"ಯಾಕ, ಹಾಲು ಉಕ್ಕಿತೇನು? ನೀನ ಇಳಸ್ಕೋ."

"ಹಾಲಲ್ರೀ, ಹಕ್ಕಿ!"

"ಮಾರಿಗೆ ಸಾಬಾಣ ಹಚ್ಚೀನಿ. ಅದನ್ನ ಅಲ್ಲೇ ಕೂಡ್ರಿಸಿ ಇಟ್ಕೋ."

ಕೂಡ್ರಿಸಿ ಇಟ್ಟುಕೊಳ್ಳಲು ಅದೇನು ಬೀಗರೇ? ಐದು ನಿಮಿಷ ಇದ್ದು, ಒಂದು ಹುಳ ತಿಂದು, ಗೋಡೆ ಹಾರಿ ಹೋಯಿತು. ಆ ರವಿವಾರ ನಾನು ಎಲ್ಲವನ್ನೂ ಹೇಳಿ, ರಿಜಿಸ್ಟರಿನಲ್ಲಿ ನನ್ನದೊಂದು ಸಾಲು ಬರೆಯಿರಿ ಎಂದೆ. ಬಸಲಿಂಗ ಮಾಸ್ತರು ಭಜಿ ತಿನ್ನುತ್ತಲೇ ನಕ್ಕರು: "ನವರಂಗ ಕಾಡಿನ ಹಕ್ಕಿರೀ ವೈನಿ. ವಿಜಾಪುರದಾಗ, ಅದೂ ನಿಮ್ಮ ಅರಿವಿ ಒಗಿಯೂ ಕಲ್ಲಿನ ಕಡೆ, ಅದಕ್ಕೇನು ಕೆಲಸಾರೀ? ಕನಸು ಬಿದ್ದಿರಬೇಕು." ನಮ್ಮ ಮನೆಯವರಾದರೂ ಬಾಯಿ ಬಿಡುತ್ತಾರೇನೋ ಎಂದು ನೋಡಿದೆ. ಇವರು ಕಾಯಿದೆ ತೆಗೆದರು. ಕೋರ್ಟಿನ ಭಾಷೆಯಲ್ಲಿ ಇವರೇ ಬರೆದ ಕಾಯಿದೆ: ಗುಬ್ಬಿ ಕಾಗೆ ಮುಂತಾದವುಗಳ ಹೊರತು, ಒಬ್ಬರೇ ನೋಡಿದ ಹಕ್ಕಿಯನ್ನು ಹಕ್ಕಿಯೆಂದು ಪರಿಗಣಿಸತಕ್ಕದ್ದಲ್ಲ, ಇನ್ನೊಬ್ಬ ನಂಬಿಗಸ್ಥರು ಕಣ್ಣಾರೆ ಕಂಡಿರತಕ್ಕದ್ದು. "ಸಾಕ್ಷಿ ಇಲ್ಲಲ್ಲ, ಏನ ಮಾಡೂದು?" ಎಂದರು. ಕಂಪೌಂಡರು ಹೂಂ ಎಂದರು. ನಾನು ಒಳಗೆ ಹೋಗಿ ಇಂಗ್ಲಿಷಿನಲ್ಲಿ ಹತ್ತರವರೆಗೆ ಎಣಿಸಿ, ಸಾಲದೆ ಕನ್ನಡದಲ್ಲೂ ಎಣಿಸಿದೆ. ಅಂದಿನಿಂದ ಭಜಿಗೆ ಉಪ್ಪು ಹೆಚ್ಚಾಗುತ್ತಿತ್ತು. ಯಾರೂ ಗಮನಿಸಲಿಲ್ಲ. ಬಣ್ಣ ಗೊತ್ತಾಗದವರಿಗೆ ರುಚಿ ಗೊತ್ತಾದೀತೇ?

ಡಿಸೆಂಬರ್ ಮೂವತ್ತೊಂದು ಬಂತು. ಇವರದೂ ಮಾಸ್ತರದೂ ಲೆಕ್ಕ ಸರಿಸಮ. ದುರ್ಬೀನು ಆ ವರ್ಷ ಮಾಸ್ತರ ಮನೆಯಲ್ಲಿತ್ತು. ನಾವಿಬ್ಬರೂ ಬಬಲೇಶ್ವರದಲ್ಲಿ ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಸಮಾರಂಭಕ್ಕೆ ಬೆಳಗಿನ ಬಸ್ಸಿನಲ್ಲಿ ಹೊರಟಿದ್ದೆವು. ಸಾರವಾಡದ ಹತ್ತಿರ ಬಸ್ಸಿನ ಮೂತಿಯಿಂದ ಹೊಗೆಯೆದ್ದು, ಕಂಡಕ್ಟರು ಕೊಡ ಹಿಡಿದು ನೀರಿಗೆ ಹೋದರು. ಇವರು ಇಳಿದು ರಸ್ತೆಯ ಅಂಚಿನಲ್ಲಿ ನಿಂತವರು ಒಮ್ಮೆಲೇ ಕಿಟಕಿಯ ಬಳಿ ಓಡಿ ಬಂದರು. "ನೋಡ ನೋಡ! ಅಲ್ಲಿ ಜ್ವಾಳದ ಹೊಲದಾಚೆ! ಎರೆಭೂತ!"

ಎರೆಭೂತವೆಂದರೆ ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ತಿರುಗುವ, ಎದೆಯೆತ್ತರದ ಭಾರೀ ಹಕ್ಕಿ. ಕಾಣುವುದು ಬಹಳ ಅಪರೂಪ. ನಾನು ನೋಡಿದೆ. ದೂರದಲ್ಲಿ ಏನೋ ನಿಧಾನವಾಗಿ, ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದಂತೆ ನಡೆಯುತ್ತಿತ್ತು. ತಲೆ ಕಪ್ಪು, ಕೊರಳು ಬಿಳಿ, ಬೆನ್ನು ಕಂದು. ಎಲ್ಲ ಪುಸ್ತಕದಲ್ಲಿದ್ದಂತೆಯೇ. ಇವರು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ಆ ಎರೆಭೂತವು ಬದುವಿನ ಮೇಲೆ ಕೂತು, ತಲೆಯ ಮೇಲಿನ ಕಂಬಳಿ ಸರಿಸಿ, ಮೀಸೆ ತಿರುವಿ ಒಂದು ಬೀಡಿ ಹಚ್ಚಿತು.

"ಅದು ಕುರಿ ಕಾಯೂ ಮನಶ್ಯಾರೀ" ಎಂದೆ.

"ನಿನಗೇನ ತಿಳೀತೈತಿ? ಎರೆಭೂತ ದೂರಿಂದ ಮನಶ್ಯಾನಂಗ ಕಾಣ್ತೈತಿ ಅಂತ ನೀನ ಓದಿ ಹೇಳಿದ್ದಿ!"

ಬಬಲೇಶ್ವರ ಮುಟ್ಟುವವರೆಗೂ ಇವರದು ಒಂದೇ ಹಾಡು. ಸಂಜೆ ಮಾಸ್ತರು ಬಂದಾಗ "ನಾನೂ ನೋಡೀನಿ" ಎಂದು ಒಂದು ಮಾತು ಹೇಳಿದರೆ ಸಾಕು, ದುರ್ಬೀನು ನಮ್ಮದು. ನಾನು ಖಡಾಖಂಡಿತವಾಗಿ ಹೇಳಿಬಿಟ್ಟೆ: "ಜೂನದಾಗ ನನ್ನ ಕಣ್ಣು ಕಣ್ಣಲ್ಲ, ಡಿಸೆಂಬರದಾಗ ಹ್ಯಾಂಗ ಕಣ್ಣಾದೂವು? ನಾ ಖರೇ ಇದ್ದದ್ದ ಹೇಳಾಕಿ." ಇಡೀ ವರ್ಷದಲ್ಲಿ ಅಂದು ಮೊದಲ ಸಲ ನನ್ನ ಮನಸ್ಸು ಹಗುರಾಗಿತ್ತು.

ಸಂಜೆ ಊರಿಗೆ ಮರಳಿದ ಮೇಲೆ ನಮ್ಮ ಮನೆಯಲ್ಲಿ ಸಂಘ ಸೇರಿತು. ಇವರು ಎರೆಭೂತದ ವರ್ಣನೆ ಮಾಡಿದರು: ದೊಡ್ಡದಿತ್ತು, ಕಪ್ಪಿತ್ತು, ಬಿಳಿಯಿತ್ತು, ಮಿಕ್ಕಿದ್ದಿತ್ತು. ಸಾಕ್ಷಿ ಯಾರೆಂದು ಮಾಸ್ತರು ಕೇಳಿದರು. ಇವರು ನನ್ನ ಕಡೆ ಕೈ ಮಾಡಿದರು. ನಾನು ಸತ್ಯ ಹೇಳಲು ಬಾಯಿ ತೆರೆದಿದ್ದೆ, ದೇವರಾಣೆ, ತೆರೆದಿದ್ದೆ. ಅಷ್ಟರಲ್ಲಿ ಮಾಸ್ತರು ಗಹಗಹಿಸಿ ನಕ್ಕರು. "ವೈನಿಯವರ ಸಾಕ್ಷಿ? ಏ, ಬಿಡ್ರೀ! ದಿನಾ ಒಲಿ ಹೊಗಿ ಕುಡ್ದ ಕಣ್ಣವು. ಅವರಿಗೆ ಕೋಳಿ ಯಾವುದು, ಎರೆಭೂತ ಯಾವುದು, ಏನ ಗೊತ್ತಾಗಬೇಕು?"

ಹತ್ತರವರೆಗೆ ಎಣಿಸಲು ಪುರುಸೊತ್ತು ಸಿಗಲಿಲ್ಲ. ಎರಡೋ ಮೂರೋ ಆಗಿತ್ತು. "ನೋಡೀನ್ರೀ" ಎಂದೆ.

ಮಾಸ್ತರು ಕಣ್ಣು ಕಿರಿದು ಮಾಡಿ, "ಹಂಗಾದ್ರ ಹೇಳ್ರಿ, ಎದಿ ಮ್ಯಾಲೆ ಕರೀ ಪಟ್ಟಿ ಇತ್ತೋ ಇಲ್ಲೋ?" ಎಂದರು.

"ಇತ್ತು, ಪೂರಾ ಇರಲಿಲ್ಲ. ಕರಿಮಣಿ ಸರ ನಡುವ ಹರದಂಗ ಅಲ್ಲಲ್ಲಿ ತುಂಡಾಗಿತ್ತು. ಅಂದ್ರ ಹೆಣ್ಣು. ಗಂಡಿಗೆ ಪೂರಾ ಪಟ್ಟಿ ಇರ್ತೈತಿ, ಇಪ್ಪತ್ತು ಸಲ ಓದಿ ಹೇಳೀನಿ. ಬೆನ್ನು ನೆನದ ಹುರಳಿ ಬಣ್ಣ. ಕಾಲು ಹಳದಿ ಅಂತೀರಿ ನೀವು, ಅಲ್ಲ. ಮಾಸಿದ ಜ್ವಾಳದ ದಂಟಿನ ಬಣ್ಣ. ಮೂರು ಹೆಜ್ಜಿ ಇಟ್ಟು ನಿಂತು, ಕೊರಳು ಎತ್ತಿ ಗದ್ದ ಮ್ಯಾಲೆ ಮಾಡಿ ನೋಡ್ತಿತ್ತು. ಇನ್ನೇನ ಹೇಳ್ಲಿ, ಅದರ ಮನಿತನದ ಹೆಸರು ಹೇಳ್ಲೇನು?"

ಮಾಸ್ತರು ತಟ್ಟೆ ಕೆಳಗಿಟ್ಟರು. "ತಪ್ಪಾತ್ರೀ ವೈನಿ. ಇದು ಕಣ್ಣಾರೆ ಕಂಡವರ ಮಾತು" ಎಂದು ರಿಜಿಸ್ಟರು ನನ್ನ ಮುಂದಿಟ್ಟು ಸಹಿ ಹಾಕಿಸಿಕೊಂಡರು. ಕಾನ್ವೆಂಟಿನ ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದೆ. ಇವರ ಮುಖ ಗೋಳಗುಮ್ಮಟದಷ್ಟು ಅಗಲವಾಯಿತು.

ನಾನು ಸಮಯ ಬಿಡಲಿಲ್ಲ. "ಹಂಗಾದ್ರ ನನ್ನ ನವರಂಗಾನೂ ಬರೀರಿ" ಎಂದೆ.

"ಬರಿಯೂಣಲ್ರೀ. ಆದ್ರ ಎರಡನೇ ಸಾಕ್ಷಿ ಬೇಕಲ್ಲ?" ಎಂದು ಮಾಸ್ತರು ಇವರ ಕಡೆ ತಿರುಗಿದರು. "ನೀವು ಅವತ್ತ ಮನ್ಯಾಗ ಇದ್ರಿ. ನೋಡೀನಿ ಅನ್ರಿ, ಬರದ ಬಿಡ್ತೀನಿ."

ನಾನು ಇವರನ್ನು ನೋಡಿದೆ. ಅಂಥ ನೋಟವನ್ನು ಕಲ್ಲು ನೋಡಿದ್ದರೂ "ನೋಡೀನಿ" ಎನ್ನುತ್ತಿತ್ತು. ಇವರು ಕನ್ನಡಕ ತೆಗೆದು, ಧೋತರದ ಅಂಚಿನಿಂದ ಒರೆಸಿ, ಗಂಭೀರವಾಗಿ ಹೇಳಿದರು: "ಇಲ್ಲದ್ದು ಹ್ಯಾಂಗ ಹೇಳ್ಲೆಪಾ? ನಾ ದಾಡಿ ಮಾಡ್ಕೋಳಾಕತ್ತಿದ್ದೆ. ನೋಡಿಲ್ಲ. ಸುಳ್ಳ ಹೇಳೂದು ನಮ್ಮ ಮನಿತನದಾಗ ಇಲ್ಲ."

ಕಂಪೌಂಡರು ಹೂಂ ಎಂದರು.

ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಇವರು ನಿಜ ಹೇಳಿದರು, ಮಾಸ್ತರು ಕಾಯಿದೆ ಹೇಳಿದರು. ಆ ಸಂಜೆ ಆ ಕೋಣೆಯಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದವಳು ನಾನೊಬ್ಬಳೇ. ಜಗಳ ತೆಗೆದರೆ ಮೊದಲು ಹೊರಬೀಳುವುದು ನನ್ನ ಬಣ್ಣವೇ. ಹಾಗಾಗಿ ಎದ್ದು ಇನ್ನೊಂದು ಸುತ್ತು ಭಜಿ ಕರಿಯಲು ಹೋದೆ. ರಿಜಿಸ್ಟರು ಇಂದಿಗೂ ನಮ್ಮ ಮನೆಯಲ್ಲಿದೆ. ಅದರಲ್ಲಿ ನವರಂಗವಿಲ್ಲ. ಸಾರವಾಡದ ಒಬ್ಬ ಮೀಸೆಯ ಮನುಷ್ಯ ಮಾತ್ರ, ತನಗೆ ಗೊತ್ತೇ ಇಲ್ಲದಂತೆ, ನನ್ನ ಸಹಿಯ ಮೇಲೆ ಹೆಣ್ಣು ಎರೆಭೂತವಾಗಿ ಕೂತಿದ್ದಾನೆ.